ಪವಿತ್ರಾತ್ಮನಿಗೆ ಬೆಂಕಿ ಮತ್ತು ನೀರು ಎಂಬ ಎರಡು ಸಂಕೇತಗಳು ಏಕೆ?

ಪ್ರಶ್ನೆ

ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯದಲ್ಲಿ ಬೆಂಕಿಯಂತೆ ಕಂಡ ನಾಲಿಗೆಗಳು ಶಿಷ್ಯರಲ್ಲಿ ಒಬ್ಬೊಬ್ಬರ ಮೇಲೂ ನೆಲಸಿದವು. ಆದರೆ ಯೋಹಾನ 7:37-39ರಲ್ಲಿ ಜೀವಕರವಾದ ನೀರಿನ ಹೊಳೆಗಳ ಮಾತು ಬರುತ್ತದೆ. ಯೇಸು ಅದನ್ನು ಆತ್ಮನ ವಿಷಯವಾಗಿಯೇ ಹೇಳಿದನೆಂದು ಸುವಾರ್ತೆ ಸ್ಪಷ್ಟಪಡಿಸುತ್ತದೆ. ಹುಟ್ಟಿನಿಂದಲೇ ಒಂದಕ್ಕೊಂದು ಆಗದ ಬೆಂಕಿ ಮತ್ತು ನೀರು ಒಬ್ಬನೇ ಆತ್ಮನಿಗೆ ಹೇಗೆ ಸಲ್ಲುತ್ತವೆ? ಅಲ್ಲದೆ, ಮತ್ತಾಯ 3:11ರಲ್ಲಿ ಸ್ನಾನಿಕನಾದ ಯೋಹಾನನು ಹೇಳುವ 'ಪವಿತ್ರಾತ್ಮನಲ್ಲಿಯೂ ಬೆಂಕಿಯಲ್ಲಿಯೂ' ಆಗುವ ದೀಕ್ಷಾಸ್ನಾನದ ಬೆಂಕಿ ವರವೋ, ನ್ಯಾಯತೀರ್ಪೋ?

ಮೊದಲನೆಯ ಉತ್ತರ

ಎರಡೂ ಶುದ್ಧಿಯ ಸಾಧನಗಳು ಎಂಬುದರಿಂದ ಆರಂಭಿಸಬಹುದು. ಅರಣ್ಯಕಾಂಡ 31:23ರ ನಿಯಮದಂತೆ, ಬೆಂಕಿಯನ್ನು ತಾಳಬಲ್ಲ ಲೋಹದ ವಸ್ತುಗಳನ್ನು ಬೆಂಕಿಯಲ್ಲಿ ದಾಟಿಸಬೇಕಿತ್ತು, ತಾಳಲಾರದವುಗಳನ್ನು ನೀರಿನಲ್ಲಿ. ಮಲಾಕಿಯ 3:2 ಅಕ್ಕಸಾಲಿಗನ ಬೆಂಕಿಯನ್ನೂ ಅಗಸನ ಚೌಳನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಯೆಹೆಜ್ಕೇಲ 36:25-27ರಲ್ಲಿ ದೇವರು ಜನರ ಮೇಲೆ ನಿರ್ಮಲ ಜಲವನ್ನು ಪ್ರೋಕ್ಷಿಸಿದ ಮೇಲೆ ತನ್ನ ಆತ್ಮವನ್ನು ಅವರೊಳಗೆ ಇರಿಸುತ್ತಾನೆ.

ಎರಡನೆಯ ಉತ್ತರ

ಶುದ್ಧಿ ಎಂದಷ್ಟೇ ಹೇಳಿದರೆ ಅರ್ಧ ಮಾತಾಯಿತು. ಯೆಶಾಯ 44:3ರಲ್ಲಿ ನೀರು ಸುರಿಯುವುದು ಕೊಳೆ ತೊಳೆಯಲಿಕ್ಕಲ್ಲ, ಬತ್ತಿದ ನೆಲ ಚಿಗುರಲೆಂದು. ಸೀನಾಯಿ ಬೆಟ್ಟದ ಮೇಲೆ ಯೆಹೋವನು ಬೆಂಕಿಯೊಳಗೆ ಇಳಿದು ಬಂದದ್ದು (ವಿಮೋಚನಕಾಂಡ 19:18) ಮೊದಲಿಗೆ ಆತನ ಸಾನ್ನಿಧ್ಯದ ಗುರುತು. ಬೆಂಕಿ 'ದೇವರು ಇಲ್ಲಿದ್ದಾನೆ' ಎನ್ನುತ್ತದೆ, ನೀರು 'ದೇವರು ಬದುಕಿಸುತ್ತಾನೆ' ಎನ್ನುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ.

ತಾವು ಉಲ್ಲೇಖಿಸಿದ ಅಧ್ಯಾಯವನ್ನೇ ಕೊನೆಯವರೆಗೆ ಓದಿ ನೋಡಿ. ಬೆಂಕಿಯಂತಹ ನಾಲಿಗೆಗಳು ಕಾಣಿಸಿಕೊಂಡ ಸ್ವಲ್ಪ ಹೊತ್ತಿನಲ್ಲೇ ಪೇತ್ರನು ಅದನ್ನು ಯೋವೇಲನ ಪ್ರವಾದನೆಯಿಂದ ವಿವರಿಸುತ್ತಾನೆ. ಅಲ್ಲಿ ಆತ್ಮವು ನೀರಿನಂತೆ ಸುರಿಸಲ್ಪಡುತ್ತದೆ. ದಿನ ಮುಗಿಯುವುದರೊಳಗೆ ಸುಮಾರು 3,000 ಜನರು ದೀಕ್ಷಾಸ್ನಾನ ಹೊಂದುತ್ತಾರೆ. ನಮಗೆ ತೊಡಕಾಗಿ ತೋರುವುದು ಆ ಪುಸ್ತಕವನ್ನು ಬರೆದ ಲೂಕನಿಗೆ ತೊಡಕೇ ಅಲ್ಲ.

ಯೋಹಾನ 7ರ ಮಾತಿನ ಹಿನ್ನೆಲೆಯೂ ಇದನ್ನೇ ತೋರಿಸುತ್ತದೆ. ಅದು ಪರ್ಣಶಾಲೆಗಳ ಹಬ್ಬ, ಯೆಹೂದ್ಯರು ಎಲೆಗುಡಿಸಲುಗಳಲ್ಲಿದ್ದು ಆಚರಿಸುವ ಹಬ್ಬ. ಯೆಹೂದ್ಯರ ಮಿಷ್ನಾ ಗ್ರಂಥದ ಪ್ರಕಾರ, ಆ ಹಬ್ಬದಲ್ಲಿ ಸಿಲೋವ ಕೊಳದಿಂದ ಚಿನ್ನದ ಹೂಜಿಯಲ್ಲಿ ನೀರು ತುಂಬಿ, ತುತೂರಿಯ ಧ್ವನಿಯೊಡನೆ ನೀರುಬಾಗಿಲಿನಿಂದ ತಂದು ಯಜ್ಞವೇದಿಯ ಬಳಿ ಸುರಿಯುತ್ತಿದ್ದರು. ರಾತ್ರಿ ದೇವಾಲಯದ ಸ್ತ್ರೀಯರ ಅಂಗಳದಲ್ಲಿ ಎತ್ತರದ ದೀಪಸ್ತಂಭಗಳನ್ನು ಹೊತ್ತಿಸುತ್ತಿದ್ದರು, ಯಾಜಕರ ಹಳೆಯ ಉಡುಪುಗಳನ್ನು ಹರಿದು ಹೊಸೆದ ಬತ್ತಿಗಳಿಂದ. ಆ ದೀಪಗಳು ಆತ್ಮನ ಸಂಕೇತವೆಂದು ನಾನು ವಾದಿಸುವುದಿಲ್ಲ. ಆದರೆ ನೀರು ಸುರಿಯುವ ವಿಧಿಯೂ ಉರಿಯುವ ದೀಪಗಳೂ ಒಂದೇ ಆರಾಧನೆಯಲ್ಲಿ ಜಗಳವಿಲ್ಲದೆ ಕೂಡಿದ್ದವು.

ಮೂರನೆಯ ಉತ್ತರ

ಮತ್ತಾಯ 3:11ನ್ನು ಅದರ ಮುಂದಿನ ವಚನದಿಂದ ಬೇರ್ಪಡಿಸಬಾರದು. 12ನೆಯ ವಚನದಲ್ಲಿ ಗೋದಿಯು ಕಣಜ ಸೇರುತ್ತದೆ, ಹೊಟ್ಟು ಆರದ ಬೆಂಕಿಗೆ ಬೀಳುತ್ತದೆ. 10ನೆಯ ವಚನದಲ್ಲೂ ಫಲ ಕೊಡದ ಮರ ಬೆಂಕಿಯ ಪಾಲು. ಎರಡು ಬದಿಯಲ್ಲೂ ತೀರ್ಪಿನ ಬೆಂಕಿ ಉರಿಯುತ್ತಿರುವಾಗ ನಡುವಿನದು ಮಾತ್ರ ಪಂಚಾಶತ್ತಮ ಹಬ್ಬದ (ಶಿಷ್ಯರ ಮೇಲೆ ಬೆಂಕಿಯಂತಹ ನಾಲಿಗೆಗಳು ನೆಲಸಿದ ದಿನದ) ವರವೆಂದು ಓದುವುದು ನನಗೆ ಕಷ್ಟ. ಮಾರ್ಕ 1:8ರಲ್ಲಿ ಹೊಟ್ಟಿನ ಮಾತೂ ಇಲ್ಲ, ಬೆಂಕಿಯ ಮಾತೂ ಇಲ್ಲ ಎಂಬುದನ್ನೂ ಗಮನಿಸಬೇಕು.

ಎರಡನೆಯ ಉತ್ತರ ಬರೆದವರು

ಅದನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಯೆಶಾಯ 4:4ರಲ್ಲಿ ತೀರ್ಪಿನ ಹಾಗೂ ದಹನದ ಆತ್ಮವು ಚೀಯೋನಿನ, ಅಂದರೆ ಯೆರೂಸಲೇಮಿನ, ಹೊಲಸನ್ನು ತೊಳೆಯುತ್ತದೆ. ಅಲ್ಲಿ ಉಳಿದವರು ಪರಿಶುದ್ಧರೆನಿಸಿಕೊಳ್ಳುವುದು ಆ ತೀರ್ಪಿನ ಮೂಲಕವೇ. ಸ್ನಾನಿಕನು ಹೇಳುವ ಬೆಂಕಿಯೂ ಅಂಥದ್ದೇ ಇರಬಹುದಲ್ಲವೇ?

ಪ್ರಶ್ನೆ ಕೇಳಿದವರು

ಹಾಗಾದರೆ 1 ಥೆಸಲೋನಿಕ 5:19ರಲ್ಲಿ ಆತ್ಮವನ್ನು ನಂದಿಸಬೇಡಿರಿ ಎಂಬ ಎಚ್ಚರಿಕೆ ಯಾವ ಬೆಂಕಿಯನ್ನು ಕುರಿತದ್ದು?

ಮೂರನೆಯ ಉತ್ತರ ಬರೆದವರು

ಅಲ್ಲಿ ತೀರ್ಪಿನ ಛಾಯೆ ಇಲ್ಲ. ಮರುವಚನವೇ ಪ್ರವಾದನೆಗಳನ್ನು ಹೀನೈಸಬೇಡಿರಿ ಎನ್ನುವುದರಿಂದ, ಸಭೆಯಲ್ಲಿ ಆತ್ಮನು ಕೊಟ್ಟ ಮಾತನ್ನು ಅಡಗಿಸುವುದೇ ಆ ನಂದಿಸುವಿಕೆ ಎಂದು ತಿಳಿಯುವುದು ಸರಿ. 2 ತಿಮೊಥೆ 1:6ರಲ್ಲಿ ಪೌಲನು ದೇವರ ವರವು ಪ್ರಜ್ವಲಿಸುವಂತೆ ಮಾಡಬೇಕೆಂದು ತಿಮೊಥೆಗೆ ಹೇಳುವಾಗಲೂ ಬೆಂಕಿ ವರದ ಕಡೆಗೇ ಇದೆ.