ವೇಗ ಜಾಸ್ತಿ ಅಂದರೆ ಅಪಾಯವೂ ಜಾಸ್ತಿನಾ?

ಸುಮಾ: ಮಂಜು, ನೀನು ಹಾಕಿದ ವಿಡಿಯೊ ನೋಡಿ ಎದೆ ಝಲ್ ಅಂತು. ವಿಮಾನದಿಂದ ಹಾರಿ ತಲೆಕೆಳಗಾಗಿ ಗಂಟೆಗೆ 500 ಕಿ.ಮೀ. ವೇಗದಲ್ಲಿ ಬೀಳುವುದು ಆಟನಾ? ಹೊಟ್ಟೆ ಕೆಳಗೆ ಮಾಡಿ ಬೀಳುವವರು 200ರ ಆಸುಪಾಸಿನಲ್ಲಿ ಇರುತ್ತಾರೆ, ಅಷ್ಟು ಸಾಲದಾ?

ಮಂಜು: ಬೀಳುವಾಗಿನ ವೇಗ ಅಷ್ಟು ಮುಖ್ಯ ಅಲ್ಲ ಕಣೇ. ಪ್ಯಾರಾಚೂಟ್ ಬಿಚ್ಚುವಾಗ ಎಷ್ಟಿತ್ತು, ನೆಲ ಮುಟ್ಟುವಾಗ ಎಷ್ಟಿತ್ತು, ಅದನ್ನು ಕೇಳು. ಹೀಗೆ ಆದಷ್ಟು ವೇಗವಾಗಿ ಬೀಳುವ ಸ್ಪೀಡ್ ಸ್ಕೈಡೈವಿಂಗ್‌ನವರು ಎತ್ತರದಲ್ಲೇ ಓಟ ಮುಗಿಸಿ, ಮೈ ಹರಡಿ ವೇಗ ಇಳಿಸಿಕೊಂಡ ಮೇಲೇ ಬಿಚ್ಚುತ್ತಾರೆ. 2012ರಲ್ಲಿ ಆಸ್ಟ್ರಿಯಾದ ಸ್ಕೈಡೈವರ್ ಫೆಲಿಕ್ಸ್ ಬಾಮ್‌ಗಾರ್ಟ್ನರ್ ಸುಮಾರು 39 ಕಿ.ಮೀ. ಎತ್ತರದಿಂದ ಹಾರಿ ಗಂಟೆಗೆ 1,357 ಕಿ.ಮೀ. ಮುಟ್ಟಿದರು. ಅದು ಗಾಳಿ ತೀರಾ ತೆಳುವಾಗಿದ್ದ ಕಡೆ. ಕೆಳಗೆ ಬರುತ್ತಾ ಗಾಳಿ ದಟ್ಟವಾಗಿ ವೇಗ ತಾನಾಗೇ ತಗ್ಗಿತು.

ಶ್ರೀಧರ: ತಲೆಕೆಳಗಾಗಿ ಇರುವಾಗಲೇ ಪ್ಯಾರಾಚೂಟ್ ಅಕಸ್ಮಾತ್ ಬಿಚ್ಚಿಕೊಂಡರೆ? ಆ ಜಗ್ಗಿಗೆ ಕುತ್ತಿಗೆ ಮುರಿಯಬಹುದು, ಪ್ಯಾರಾಚೂಟೇ ಹರಿಯಬಹುದು. ಸುಮಾ ಹೇಳಿದ್ದು ಸುಮ್ನೆ ಅಲ್ಲ.

ಮಂಜು: ಒಪ್ಪಿದೆ. ಅದಕ್ಕೇ ವಿಮಾನದಿಂದ ಹಾರುವ ಮುಂಚೆ ಪ್ಯಾರಾಚೂಟ್ ಚೀಲ ಮುಚ್ಚಿಡುವ ಪಿನ್, ಅದರ ಮೇಲಿನ ಫ್ಲಾಪ್ ಎಲ್ಲ ಒಬ್ಬರದನ್ನು ಇನ್ನೊಬ್ಬರು ನೋಡುವುದು.

ಸುಮಾ: ಹಾಗಾದರೆ ಕೈಕಾಲುಗಳ ನಡುವೆ ರೆಕ್ಕೆಯಂತೆ ಬಟ್ಟೆ ಇರುವ ವಿಂಗ್‌ಸೂಟೇ ವಾಸಿ ಅಲ್ವಾ? ಅದರಲ್ಲಿ ಇಳಿಯುವ ವೇಗ 100 ಕೂಡ ದಾಟದ ಹಾಗೆ ಹಾರಬಹುದಂತೆ.

ಮಂಜು: ಎಲ್ಲರೂ ಎಡವುವುದು ಇಲ್ಲೇ. ಇಳಿಯುವ ವೇಗ ಕಮ್ಮಿ ಸರಿ, ಆದರೆ ಮುಂದಕ್ಕೆ ನುಗ್ಗುವ ವೇಗ ಗಂಟೆಗೆ 150 ಕಿ.ಮೀ. ದಾಟಬಹುದು. ಬೆನ್ನ ಹಿಂದೆ ಗಾಳಿ ಸುಳಿ ಏಳುತ್ತದೆ, ದೊಡ್ಡ ಪ್ಯಾರಾಚೂಟನ್ನು ಹೊರಗೆಳೆಯಲು ಕೈಯಿಂದ ಎಸೆದ ಪುಟ್ಟ ಪೈಲಟ್ ಚೂಟ್ ಅದರೊಳಗೆ ಸಿಕ್ಕಿ ತಡವಾಗಬಹುದು, ಮೇಲೆ ಹಗ್ಗಗಳು ತಿರುಚಿಕೊಂಡರೆ ಬಿಡಿಸಲು ಕೈ ಎತ್ತಬೇಕಲ್ಲ, ಅದಕ್ಕೆ ಮೊದಲು ಎಷ್ಟೋ ಸೂಟ್‌ಗಳಲ್ಲಿ ತೋಳಿನ ಜಿಪ್ ಬಿಚ್ಚಬೇಕು. ಅಮೆರಿಕದ ಪ್ಯಾರಾಚೂಟ್ ಸಂಘ 200 ಜಿಗಿತ ಆಗದವರಿಗೆ ವಿಂಗ್‌ಸೂಟ್ ಬೇಡ ಅನ್ನುವುದು ಸುಮ್ಮನೆ ಅಲ್ಲ.

ಶ್ರೀಧರ: ಮತ್ತೆ ನಿನ್ನ ಪ್ರಕಾರ ಯಾವುದು ಕೆಟ್ಟದ್ದು?

ಮಂಜು: ಸ್ವೂಪಿಂಗ್. ಪ್ಯಾರಾಚೂಟ್ ಚೆನ್ನಾಗೇ ಬಿಚ್ಚಿರುತ್ತದೆ. ಚಿಕ್ಕದು, ಚುರುಕು. ನೆಲದ ಹತ್ತಿರ ಬಂದಾಗ ಬೇಕಂತಲೇ ತಿರುಗಿಸಿ ವೇಗ ಏರಿಸಿ ನೆಲ ಸವರಿಕೊಂಡು ಹೋಗುತ್ತಾರೆ. ಆ ತಿರುವು ಸ್ವಲ್ಪ ಕೆಳಗೆ ಶುರುವಾದರೂ ಮುಗೀತು. ಪ್ಯಾರಾಚೂಟ್ ಬಿಚ್ಚದೆ ಹೋದಾಗ ಬದಲಿ ಪ್ಯಾರಾಚೂಟನ್ನು (ರಿಸರ್ವ್) ತಾನಾಗೇ ತೆರೆಯುವ ಎಎಡಿ ಯಂತ್ರ ಅಲ್ಲಿ ಕಾಪಾಡುವುದಿಲ್ಲ. ಅನುಭವ ಇದ್ದವರೇ ಹೀಗೆ ಸತ್ತಿದ್ದಾರೆ, ಅದೇ ನನಗೆ ಸಂಕಟ.

ಶ್ರೀಧರ: ನನ್ನ ಮಗಳು ತರಬೇತುದಾರರ ಜೊತೆ ಕಟ್ಟಿಕೊಂಡು ಹಾರುವ ಟ್ಯಾಂಡಮ್ ಮಾಡಬೇಕು ಅಂತಿದ್ದಾಳೆ.

ಮಂಜು: ಅದರಲ್ಲಿ ಇಬ್ಬರ ತೂಕಕ್ಕೆ ವೇಗ ಏರದಂತೆ ಡ್ರೋಗ್ ಅನ್ನುವ ಪುಟ್ಟ ಪ್ಯಾರಾಚೂಟ್ ಹಿಂದೆ ಬಿಟ್ಟಿರುತ್ತಾರೆ. ಇಳಿಯುವಾಗ ಕಾಲು ಮೇಲೆತ್ತು ಅಂದರೆ ಎತ್ತಲಿ, ಅಷ್ಟು ಹೇಳು.

ಸುಮಾ: ಸರಿ. ಆದರೆ ನಿನ್ನ ವಿಡಿಯೊದಲ್ಲಿ ಇಳಿಯುವ ಭಾಗವೇ ಇಲ್ಲ ನೋಡು. ಪೂರ್ತಿ ಇದ್ದರೆ ಹಾಕು.