ರೆಸಿಸ್ಟರ್, ಐಸಿ ಎಲ್ಲ ಕಲಸುಮೇಲೋಗರ. ಯಾವುದರಲ್ಲಿ ಇಡೋದು?

ಬೆಸುಗೆಬಸ್ಯಾ (ದಾವಣಗೆರೆ)
36 ಖಾನೆಯ ಪ್ಲಾಸ್ಟಿಕ್ ಡಬ್ಬದಲ್ಲಿ ರೆಸಿಸ್ಟರ್ ಹಾಕಿಟ್ಟಿದೀನಿ. ಡಬ್ಬ ಅಡ್ಡ ಮಾಡಿದ್ರೆ ಸಾಕು, ಮುಚ್ಚಳದ ಸಂದಿಯಿಂದ ಪಕ್ಕದ ಖಾನೆಗೆ ನುಸುಳ್ತವೆ. 10 ಓಮ್‌ನಿಂದ 1 ಮೆಗಾವರೆಗೆ ಇಡೋಕೆ ಖಾನೆಗಳೂ ಸಾಲಲ್ಲ. ಐಸಿಗಳನ್ನ (ಚಿಪ್ಪುಗಳನ್ನ) ಸದ್ಯಕ್ಕೆ ಥರ್ಮೋಕೋಲ್‌ಗೆ ಚುಚ್ಚಿಟ್ಟಿದೀನಿ. ಇನ್ನೊಂದು ಡಬ್ಬ ತಗೊಳ್ಳೋದಾ, ಬೇರೆ ದಾರಿ ಐತಾ?

ದುರ್ಗದ_ಡಯೋಡ್
ಡಬ್ಬದ ಮಾತು ಆಮೇಲೆ. ಮೊದ್ಲು ಆ ಐಸಿಗಳನ್ನ ಥರ್ಮೋಕೋಲ್‌ನಿಂದ ಕೀಳ್ರಿ. ಥರ್ಮೋಕೋಲ್ ಉಜ್ಜಿದಷ್ಟೂ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಹಿಡಿಯುತ್ತೆ, ನಮ್ಮ ಕಡೆ ಮಾರ್ಚ್‌ನ ಒಣ ಹವೆಯಲ್ಲಿ ಇನ್ನೂ ಜಾಸ್ತಿ. ಸಿಡಿ4017 ಐಸಿ, 2ಎನ್7000 ಟ್ರಾನ್ಸಿಸ್ಟರ್ ತರದವುಗಳ ಗೇಟ್ ಆಕ್ಸೈಡ್ (ಒಳಗಿನ ನಿರೋಧಕ ಪದರ) ಬಹಳ ತೆಳು, ಸ್ಟ್ಯಾಟಿಕ್ ತಗುಲಿದ್ರೆ ಕೆಡುತ್ತೆ. ಪೂರ್ತಿ ಸತ್ತರೆ ವಾಸಿ, ಅರೆಜೀವ ಆದ್ರೆ ಸರ್ಕ್ಯೂಟೇ ತಪ್ಪು ಅಂತ ದಿನಗಟ್ಟಲೆ ಹುಡುಕ್ತಾ ಕೂರ್ತೀರಿ. ಕರೆಂಟ್ ಹರಿಯೋ ಕಪ್ಪು ಫೋಮ್‌ಗೆ ಚುಚ್ಚಿ. ಅದು ಸಿಗೋವರೆಗೆ ಥರ್ಮೋಕೋಲ್‌ಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಅದರ ಮೇಲೆ ಚುಚ್ಚಿ, ಎಲ್ಲ ಕಾಲೂ ಫಾಯಿಲ್‌ಗೆ ತಾಗಬೇಕು. 7805 ರೆಗ್ಯುಲೇಟರ್, ಮಾಮೂಲಿ ಟೈಮರ್ ಐಸಿ ಎನ್‌ಇ555ಗೆ ಇಷ್ಟೊಂದು ಹೆದರಬೇಕಿಲ್ಲ.

ಕಾಯಿನ್ ಸೆಲ್ ಇರೋ, ಗಡಿಯಾರದ ಕೆಲಸ ಮಾಡೋ ಆರ್‌ಟಿಸಿ ಮಾಡ್ಯೂಲ್ ಮಾತ್ರ ಆ ಫೋಮ್ ಮೇಲೆ ಇಡಬೇಡಿ, ಸೆಲ್ ಖಾಲಿಯಾಗುತ್ತೆ. ಹಳೇ ಫೋಮ್ ಪುಡಿಪುಡಿಯಾಗಿ ಅಂಟೋಕೆ ಶುರುವಾದ್ರೆ ಬದಲಿಸಿ, ಇಲ್ಲಾಂದ್ರೆ ಕಾಲು ಕಪ್ಪಾಗಿ ಬೆಸುಗೆ ಹಿಡಿಯಲ್ಲ.

ಸೆರಾಮಿಕ್104
ರೆಸಿಸ್ಟರ್‌ಗೆ ಡಬ್ಬವೇ ಬೇಡ. ಇ12 ಸಾಲಲ್ಲಿ (ಪ್ರತಿ ಹತ್ತು ಪಟ್ಟಿಗೆ 12 ಬೆಲೆ ಇರೋ ಮಾಮೂಲಿ ಸಾಲು) 10 ಓಮ್‌ನಿಂದ 1 ಮೆಗಾವರೆಗೆ 61 ಬೆಲೆ (ದುಡ್ಡಲ್ಲ, ಓಮ್ ಮೌಲ್ಯ) ಬರ್ತವೆ, 36 ಖಾನೆ ಎಲ್ಲಿ ಸಾಕು? 2×3 ಇಂಚಿನ ಜಿಪ್ ಕವರ್ ತಗೊಳ್ರಿ, ಒಂದೊಂದು ಬೆಲೆಗೆ ಒಂದೊಂದು. ಚಪ್ಪಲಿ ಡಬ್ಬದಲ್ಲಿ ಸಾಲಾಗಿ ನಿಲ್ಲಿಸಿ ನಡುವೆ ರಟ್ಟಿನ ತುಂಡು ಇಡಿ. ರಟ್ಟಿನ ತಲೆಗೆ ರೆಸಿಸ್ಟರ್ ಮೈಮೇಲಿನ ಮೂರನೇ ಪಟ್ಟಿಯ ಬಣ್ಣ ಬಳೀರಿ: 100ರಿಂದ 820 ಓಮ್‌ಗೆ ಕಂದು, 1ಕೆಯಿಂದ (ಕೆ ಅಂದ್ರೆ ಸಾವಿರ ಓಮ್) 8.2ಕೆಗೆ ಕೆಂಪು, 10ಕೆಯಿಂದ 82ಕೆಗೆ ಕಿತ್ತಳೆ, ಹೀಗೆ. ಕೈಯಲ್ಲಿರೋ ರೆಸಿಸ್ಟರ್ ನೋಡಿದ್ರೇನೇ ಯಾವ ಗುಂಪಿಗೆ ಅಂತ ಗೊತ್ತಾಗುತ್ತೆ.

ಇದು ನಾಲ್ಕು ಪಟ್ಟಿಯವಕ್ಕೆ. ಐದು ಪಟ್ಟಿಯ ನೀಲಿ 1% ರೆಸಿಸ್ಟರ್‌ಗೆ ಬೇರೆ ಡಬ್ಬ ಮಾಡಿ. 10ಕೆ ಅಂದ್ರೆ ಕಂದು-ಕಪ್ಪು-ಕಪ್ಪು-ಕೆಂಪು-ಕಂದು. ತಿರುಗಿಸಿ ಓದಿದ್ರೆ ಅದೇ 120 ಓಮ್! ವಾಪಸ್ ಹಾಕೋ ಮುಂಚೆ ಮೀಟರ್ ಇಟ್ಟು ನೋಡ್ಲೇಬೇಕು.

ಕವರ್ ಮೇಲೆ ಮಾರ್ಕರ್‌ನಲ್ಲಿ ಬರೆದ್ರೆ ಬೆರಳು ತಾಗಿ ತಾಗಿ ಅಳಿಸುತ್ತೆ. ಚೀಟಿ ಬರೆದು ಒಳಗೇ ಹಾಕಿ. ಸೆರಾಮಿಕ್ ಕೆಪಾಸಿಟರ್ ಆದ್ರೆ ಕೋಡ್, ಬೆಲೆ ಎರಡೂ ಬರೀರಿ: 220 ಅಂದ್ರೆ 22 ಪಿಎಫ್ (ಪಿಕೋಫ್ಯಾರಡ್), 221 ಅಂದ್ರೆ 220 ಪಿಎಫ್. ಎಡವೋದು ಇಲ್ಲೇ.

ಬೆಸುಗೆಬಸ್ಯಾ
ಹಂಗಾದ್ರೆ 36 ಖಾನೆ ಡಬ್ಬ ದಂಡನಾ ಗುರೂ? ಟ್ರಾನ್ಸಿಸ್ಟರ್ ಹಾಕ್ಬೋದಾ?

ದುರ್ಗದ_ಡಯೋಡ್
ದಂಡ ಯಾಕೆ, ಪ್ರೀಸೆಟ್ (ತಿರುಗಿಸಿ ಹೊಂದಿಸೋ ರೆಸಿಸ್ಟರ್), ಪುಶ್ ಬಟನ್, ಸ್ಕ್ರೂ ಟರ್ಮಿನಲ್, ಎಲ್‌ಇಡಿ ಹಾಕ್ರಿ. ಮುಚ್ಚಳದ ಒಳಗೆ 3 ಮಿ.ಮೀ. ಪ್ಯಾಕಿಂಗ್ ಫೋಮ್ ಕತ್ತರಿಸಿ ಅಂಟಿಸಿದ್ರೆ ಸಂದಿ ಮುಚ್ಚುತ್ತೆ. ಬಿಸಿ547 ಟ್ರಾನ್ಸಿಸ್ಟರ್, ಎಲ್‌ಎಂ35 ತಾಪಮಾನ ಸೆನ್ಸರ್ ಎರಡೂ ನೋಡೋಕೆ ಒಂದೇ ತರ ಮೂರು ಕಾಲಿನ ಕಪ್ಪು ಗುಂಡಿ, ಅಕ್ಕಪಕ್ಕ ಇಡಬೇಡಿ. ಚೀಟಿಯಲ್ಲಿ ಕಾಲಿನ ಕ್ರಮವನ್ನೂ ಬರೀರಿ. ಚಪ್ಪಟೆ ಮುಖ ನಿಮ್ಮ ಕಡೆ ಇದ್ದಾಗ ಎಡದಿಂದ ಬಿಸಿ547 ಸಿ-ಬಿ-ಇ (ಕಲೆಕ್ಟರ್-ಬೇಸ್-ಎಮಿಟರ್), 2ಎನ್3904 ಇ-ಬಿ-ಸಿ.

ಸೆರಾಮಿಕ್104
ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮರೆತಿದ್ದೆ. ಅವನ್ನ ತಗಡಿನ ಮಾಡಿನ ಕೆಳಗಿನ ಅಟ್ಟಕ್ಕೆ ಏರಿಸಬೇಡಿ, ಬೇಸಿಗೇಲಿ ಒಳಗಿನ ದ್ರವ ಒಣಗುತ್ತೆ. ತಂದ ವರ್ಷ ಚೀಟಿಯಲ್ಲಿರಲಿ. ನಾಲ್ಕೈದು ವರ್ಷ ಸುಮ್ನೆ ಬಿದ್ದಿದ್ರೆ ಆಕ್ಸೈಡ್ ಪದರ ಸವೆದು ಕರೆಂಟ್ ಸೋರುತ್ತೆ. ಸರಣಿಯಲ್ಲಿ 1ಕೆ ರೆಸಿಸ್ಟರ್ ಹಾಕಿ, ಕೆಪಾಸಿಟರ್ ಮೇಲೆ ಬರೆದಿರೋ ವೋಲ್ಟೇಜ್‌ವರೆಗೆ ನಿಧಾನಕ್ಕೆ ಏರಿಸಿ. ರೆಸಿಸ್ಟರ್ ಮೇಲಿನ ವೋಲ್ಟೇಜ್ ಇಳೀತಾ ಹೋಗಬೇಕು. ಇಳಿಯದೇ ನಿಂತ್ರೆ ಆ ಕೆಪಾಸಿಟರ್ ಎಸೀರಿ.