ಸೀಸರ್ 3: ಮೊದಲ ದಾಳಿಗೇ ಊರು ಹೋಗ್ತಿದೆ, ಎಲ್ಲಿ ತಪ್ಪಿದ್ದೀನಿ?

ಪ್ರಶ್ನೆ: ನಮಸ್ಕಾರ ಸರ್. ನೀವು ಗೇಮ್ ಕಂಪನಿಯಲ್ಲಿ ಲೆವೆಲ್ ಡಿಸೈನ್ ಮಾಡ್ತೀರಿ ಅಂತ ಗ್ರೂಪಿನಲ್ಲಿ ಓದಿದೆ, ಅದಕ್ಕೇ ನಿಮ್ಮನ್ನೇ ಕೇಳ್ತಿದ್ದೀನಿ. ರೋಮನ್ ಊರು ಕಟ್ಟುವ ಕಂಪ್ಯೂಟರ್ ಆಟ ಸೀಸರ್ 3ರಲ್ಲಿ ಶಾಂತಿಯ ಮಿಷನ್ ಮಿಲೇಟಸ್ ಬಿಟ್ಟು ಯುದ್ಧದ ಮಿಷನ್ ಮೆಡಿಯೊಲಾನಮ್ ಆರಿಸಿಕೊಂಡೆ. ಊರು ಚೆನ್ನಾಗಿ ಬೆಳೀತಿತ್ತು, ಕಣಜ ತುಂಬಿತ್ತು, ಸಾಲ ಇರಲಿಲ್ಲ. ದಾಳಿ ಬರುತ್ತೆ ಅಂತ ಮೊದಲೇ ಸೈನಿಕರನ್ನು ತಯಾರು ಮಾಡುವ ಬ್ಯಾರಕ್ಸ್ ಕಟ್ಟಿ, ಅವರು ನೆಲೆಸುವ ಫೋರ್ಟ್ ಮೂರು ಹಾಕಿ, ಸುತ್ತ ಗೋಡೆ ಎಳೆದು ಗೇಟ್ ಇಟ್ಟೆ. ಶತ್ರು ಬಂದಾಗ ಮೂರು ಫೋರ್ಟ್ ಸೇರಿ ಐದೇ ಜನ ಸೈನಿಕರು! ಮೂರು ಸಲ ಸೇವ್ ಲೋಡ್ ಮಾಡಿದೆ, ಮೂರು ಸಲವೂ ಸೋತೆ.

ಉತ್ತರ: ನಮಸ್ಕಾರ. ಎರಡು ವಿಷಯ ಹೇಳಿ. ಆ ಐದು ಜನ ಒಟ್ಟಿಗೆ ಬಂದು ಆಮೇಲೆ ನಿಂತುಹೋಯಿತಾ, ಅಥವಾ ನಿಧಾನವಾಗಿ ಬರ್ತಾನೇ ಇದ್ದರಾ? ಬ್ಯಾರಕ್ಸ್ ಗೇಟಿನ ಒಳಗಿದೆಯೋ ಹೊರಗೋ?

ಪ್ರಶ್ನೆ: ಹೊರಗೆ ಸರ್, ಫೋರ್ಟ್‌ಗಳ ಪಕ್ಕದಲ್ಲೇ. ಮೊದಲು ಐದು ಜನ ಬಂದರು, ಆಮೇಲೆ ಒಬ್ಬನೂ ಇಲ್ಲ. ಗೋಡೆ, ಗೇಟ್ ಕಟ್ಟಿದ್ದು ಬ್ಯಾರಕ್ಸ್ ಆದ ಮೇಲೆ.

ಉತ್ತರ: ಹಾಗಾದರೆ ನಿಮ್ಮನ್ನು ಸೋಲಿಸಿದ್ದು ಶತ್ರು ಅಲ್ಲ, ಆ ಗೇಟು. ಈ ಆಟದಲ್ಲಿ ಪ್ರತಿ ಕಟ್ಟಡವೂ ಕೆಲಸಗಾರರನ್ನು ಹುಡುಕಲು ಒಬ್ಬನನ್ನು ರಸ್ತೆಗೆ ಕಳಿಸುತ್ತದೆ. ಅವನು ಗುರಿಯಿಲ್ಲದೆ ಸುತ್ತುವವನು. ಮನೆಗಳ ಪಕ್ಕ ಹಾದುಹೋದರೆ ಮಾತ್ರ ಕಟ್ಟಡಕ್ಕೆ ಜನ ಸಿಗುತ್ತಾರೆ. ಹೀಗೆ ಸುತ್ತುವವರು ಯಾರೂ ಗೇಟ್‌ಹೌಸ್ ದಾಟುವುದಿಲ್ಲ. ಗೇಟ್ ಇಲ್ಲದಾಗ ಅವನು ಊರೊಳಗೆ ಬಂದು ಹೋಗುತ್ತಿದ್ದ, ಅದರಿಂದ ಐದು ಜನ ತಯಾರಾದರು. ಗೇಟ್ ಬಂದ ಮೇಲೆ ಅವನಿಗೆ ಮನೆ ಕಾಣಲಿಲ್ಲ, ಬ್ಯಾರಕ್ಸ್ ಖಾಲಿಯಾಯಿತು. ತರಬೇತಿ ಮುಗಿಸಿ ಫೋರ್ಟಿಗೆ ಹೊರಟ ಸೈನಿಕನಿಗೆ ಈ ತಡೆ ಇಲ್ಲ, ಅವನು ಗುರಿ ಇಟ್ಟುಕೊಂಡು ನಡೆಯುವವನು. ಆದ್ದರಿಂದ ಬ್ಯಾರಕ್ಸನ್ನು ಗೇಟಿನ ಒಳಗೆ, ಮನೆಗಳ ಹತ್ತಿರ ತನ್ನಿ. ಫೋರ್ಟ್ ಹೊರಗೇ ಇರಲಿ, ಅಲ್ಲಿಗೆ ಹೋಗುವ ದಾರಿ ಮುಚ್ಚಿಹೋಗದಿದ್ದರೆ ಸಾಕು.

ಜೊತೆಗೆ ಕಾರ್ಮಿಕ ಸಲಹೆಗಾರನ ಪುಟ ತೆಗೆದು ಸೈನ್ಯಕ್ಕೆ ಮೊದಲ ಆದ್ಯತೆ ಕೊಡಿ. ಊರಲ್ಲಿ ಜನ ಕಡಿಮೆ ಬಿದ್ದಾಗ ಆಟ ಎಲ್ಲ ಇಲಾಖೆಗೂ ಸ್ವಲ್ಪ ಸ್ವಲ್ಪ ಹಂಚುತ್ತದೆ. ಅರ್ಧ ತುಂಬಿದ ಬ್ಯಾರಕ್ಸ್ ತುಂಬಾ ನಿಧಾನ.

ಇನ್ನೊಬ್ಬ ಸದಸ್ಯರು (ಚಿತ್ರದುರ್ಗ): ಸರ್, ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ದುರ್ಗದ ಹಾಗೆ ಏಳು ಸುತ್ತು ಗೋಡೆ ಹಾಕಿಬಿಟ್ಟರೆ ಸೈನ್ಯವೇ ಬೇಡ ಅಲ್ವಾ?

ಉತ್ತರ: ಸೈನ್ಯ ಬೇಕೇ ಬೇಕು. ಈ ಆಟದಲ್ಲಿ ಬರೀ ಗೋಡೆ ಶತ್ರುವನ್ನು ತಡ ಮಾಡುತ್ತದೆ, ಅಷ್ಟೇ; ಕಾಯುವವರು ಇಲ್ಲದಿದ್ದರೆ ನಿಂತು ಒಡೆದುಕೊಂಡು ಬರುತ್ತಾರೆ. ಗೋಡೆಗೆ ಜೀವ ಬರಬೇಕಾದರೆ ಎರಡು ಚೌಕ ದಪ್ಪ ಕಟ್ಟಬೇಕು, ನಡುವೆ ಟವರ್ ಇರಬೇಕು. ಆಗ ಕಾವಲುಗಾರರು ಮೇಲೆ ಓಡಾಡಿ ಈಟಿ ಎಸೆಯುತ್ತಾರೆ, ಟವರಿನಿಂದ ಬ್ಯಾಲಿಸ್ಟಾ, ಅಂದರೆ ದೊಡ್ಡ ಬಾಣದ ಯಂತ್ರ, ಹೊಡೆಯುತ್ತದೆ. ಆದರೆ ಟವರಿಗೂ ಜನ ಬರಬೇಕಾದ್ದು ಅದೇ ಬ್ಯಾರಕ್ಸಿನಿಂದ, ಅದಕ್ಕೂ ರಸ್ತೆ ಬೇಕು. ಮೊದಲ ದಾಳಿಯ ಹೊತ್ತಿಗೆ ಇಷ್ಟೆಲ್ಲ ಆಗುವುದಿಲ್ಲ. ದುರ್ಗದಲ್ಲಿ ಗೋಡೆಯ ಕೆಲಸ ಅರ್ಧ ಮಾಡಿದ್ದು ಬಂಡೆಗಳು. ಅದನ್ನು ನೀವೂ ಬಳಸಿ: ನಕ್ಷೆಯಲ್ಲಿ ಬಂಡೆ, ನದಿ ಎಲ್ಲಿದೆ ನೋಡಿ, ಅವುಗಳ ನಡುವಿನ ಸಂದನ್ನು ಮಾತ್ರ ಮುಚ್ಚಿ.

ಪ್ರಶ್ನೆ: ಸರಿ ಸರ್. ಹಾಗಾದರೆ ಮೂರು ಫೋರ್ಟ್ ಸಾಕಾ, ನಾಲ್ಕು ಬೇಕಾ?

ಉತ್ತರ: ಮೊದಲ ದಾಳಿಗೆ ಒಂದೇ. ಹೌದು, ಒಂದೇ! ಒಂದು ಫೋರ್ಟಿನಲ್ಲಿ 16 ಜನ. ಬ್ಯಾರಕ್ಸ್ ಒಬ್ಬೊಬ್ಬನನ್ನೇ ತಯಾರು ಮಾಡುತ್ತದೆ. ಮೂರು ಫೋರ್ಟಿಗೆ ಹಂಚಿದರೆ ಮೂರೂ ಕಡೆ ಅರೆಬರೆ ಗುಂಪು, ಇಬ್ಬರು ಬಿದ್ದ ಕೂಡಲೇ ಧೈರ್ಯ ಕುಸಿದು ಫೋರ್ಟಿಗೆ ಓಡುತ್ತಾರೆ. ತುಂಬಿದ ಒಂದು ಲೀಜನ್, ಅಂದರೆ ಒಂದು ಫೋರ್ಟಿನ ಪೂರ್ತಿ ಗುಂಪು, ನಿಂತು ಕಾದುತ್ತದೆ. ಅದು ತುಂಬಿದ ಮೇಲೆ ಎರಡನೆಯದು ಹಾಕಿ.

ಯಾವ ಫೋರ್ಟ್ ಅನ್ನುವುದು ನಿಮ್ಮ ಆಯುಧಗಳ ಮೇಲೆ ಹೋಗುತ್ತದೆ. ಕತ್ತಿ ಗುರಾಣಿಯ ಕಾಲಾಳುಗಳಾದ ಲೀಜನರಿಗಳೇ ಎಲ್ಲಕ್ಕಿಂತ ಗಟ್ಟಿ, ಆದರೆ ಪ್ರತಿಯೊಬ್ಬನಿಗೂ ಆಯುಧ ಬೇಕು. ಆಯುಧಕ್ಕೆ ಕಬ್ಬಿಣ, ಕಬ್ಬಿಣಕ್ಕೆ ಗಣಿ ಇಲ್ಲವೇ ಆಮದು. ಈಟಿ ಎಸೆಯುವವರಿಗೂ ಕುದುರೆ ಸವಾರರಿಗೂ ಬ್ಯಾರಕ್ಸಿನ ಆಯುಧ ಬೇಡ. ಆಯುಧದ ಕಾರ್ಖಾನೆ ಇನ್ನೂ ಓಡುತ್ತಿಲ್ಲ ಅಂದರೆ ಈಟಿಯವರ ಫೋರ್ಟಿನಿಂದ ಶುರು ಮಾಡಿ. ಕೈಕೈ ಹೊಡೆದಾಟಕ್ಕೆ ಅವರು ದುರ್ಬಲರು, ಶತ್ರು ಹತ್ತಿರ ಬರುವ ಮೊದಲೇ ಹಿಂದೆ ಎಳೆದುಕೊಳ್ಳಬೇಕು. ಆಯುಧ ರಫ್ತು ಮಾಡುತ್ತಿದ್ದೀರಾ? ಹಾಗಿದ್ದರೆ ಈಗಲೇ ನಿಲ್ಲಿಸಿ. ನಿಮ್ಮ ಸೈನಿಕನ ಕತ್ತಿ ಹಣಕ್ಕೆ ಹೋಗಿರುತ್ತದೆ, ಬ್ಯಾರಕ್ಸ್ ಕಾಯುತ್ತಾ ಕೂತಿರುತ್ತದೆ.

ನನ್ನ ಕೆಲಸದ ಕಡೆಯಿಂದ ಒಂದು ಮಾತು. ಮೊದಲ ದಾಳಿಯನ್ನು ಇಡುವಾಗ ನಾವು ಆಟಗಾರನ ಯುದ್ಧದ ಜಾಣ್ಮೆ ಅಳೆಯುವುದಿಲ್ಲ, ಯಾವಾಗ ಶುರು ಮಾಡಿದ ಅನ್ನುವುದನ್ನು ಅಳೆಯುತ್ತೇವೆ. ಆದ್ದರಿಂದ ದಾಳಿಯ ದಿನದಿಂದ ಹಿಂದಕ್ಕೆ ಎಣಿಸಿ: 16 ಜನ ತಯಾರಾಗುವಷ್ಟು ತಿಂಗಳು, ಅದಕ್ಕೂ ಮುಂಚೆ ಮೊದಲ ಆಯುಧ, ಅದಕ್ಕೂ ಮುಂಚೆ ಕಬ್ಬಿಣ. ನಿಮ್ಮ ಬಳಿ ಹಳೆಯ ಸೇವ್ ಇದೆ, ಶತ್ರು ಯಾವ ವರ್ಷ ಬಂದ, ಯಾವ ಅಂಚಿನಿಂದ ಬಂದ ಅಂತ ಗೊತ್ತಿದೆ. ಮೂರು ಸಲ ಸೋತದ್ದು ದಂಡವಾಗಿಲ್ಲ.

ಮಿಲಿಟರಿ ಅಕಾಡೆಮಿ ಒಳ್ಳೆಯದು, ಅಲ್ಲಿ ಕಲಿತ ಲೀಜನರಿಗಳು ಗುರಾಣಿ ಮುಚ್ಚಿ ಆಮೆಯ ವ್ಯೂಹ ಕಟ್ಟಿ ಬಾಣ ತಡೆಯುತ್ತಾರೆ. ಆದರೂ ಮೊದಲ ದಾಳಿಗೆ ಅದಿಲ್ಲದೆ ನಡೆಯುತ್ತದೆ. ಯುದ್ಧದ ದೇವರು ಮಾರ್ಸ್‌ಗೆ ಒಂದು ಗುಡಿ ತಪ್ಪದೆ ಕಟ್ಟಿ. ಅವನು ಪ್ರಸನ್ನನಾಗಿದ್ದರೆ ಬಂದ ಶತ್ರುಗಳಲ್ಲಿ ಕೆಲವರನ್ನು ತಾನೇ ಮುಗಿಸುತ್ತಾನೆ. ಶತ್ರು ಬರುವ ಅಂಚಿನ ಕಡೆಯ ಬೀದಿಗಳಲ್ಲಿ ಒಂದೆರಡು ಪ್ರಿಫೆಕ್ಚರ್ (ಪ್ರಿಫೆಕ್ಟರ ಠಾಣೆ) ಹೆಚ್ಚಿಗೆ ಹಾಕಿ. ಬೆಂಕಿ ಆರಿಸುವ ಆ ಪ್ರಿಫೆಕ್ಟರೇ ತಪ್ಪಿಸಿಕೊಂಡು ನುಗ್ಗಿದ ಒಬ್ಬಿಬ್ಬರ ಮೇಲೆ ಬೀಳುತ್ತಾರೆ.

ಪ್ರಶ್ನೆ (ಎರಡು ದಿನದ ನಂತರ): ಸರ್!! ಗೆದ್ದೆ. ಬ್ಯಾರಕ್ಸ್ ಒಳಗೆ ತಂದೆ, ಒಂದೇ ಫೋರ್ಟ್, 16 ಜನ ಲೀಜನರಿ. ನಾಲ್ಕು ಜನ ಹೋದರು, ಒಂದು ಹೊಲ ಹಾಳಾಯಿತು, ಊರು ಉಳಿಯಿತು. ಈಗ ದೂರದ ಊರಿಗೆ ಸೈನ್ಯ ಕಳಿಸು ಅಂತ ಸೀಸರ್ ಸಂದೇಶ ಬಂದಿದೆ. ಕಳಿಸಲಾ?

ಉತ್ತರ: ತುಂಬಾ ಸಂತೋಷವಾಯಿತು, ಆ ಐದು ಜನರ ಕಥೆ ಓದಿ ನನಗೂ ಮನಸ್ಸು ತಡೆದಿರಲಿಲ್ಲ. ಇರುವ ಒಂದೇ ಲೀಜನ್ ಕಳಿಸಬೇಡಿ. ಹೋದವರು ವಾಪಸ್ ಬರಲು ತುಂಬಾ ಸಮಯ ಬೇಕು, ಅಷ್ಟರಲ್ಲಿ ಮನೆ ಖಾಲಿ. ಕಳಿಸದಿದ್ದರೆ ಆ ಊರು ಶತ್ರುವಿನ ಪಾಲಾಗಬಹುದು, ಸೀಸರನ ಒಲವೂ ಇಳಿಯುತ್ತದೆ. ಈಗ ಅದನ್ನು ತಾಳಿಕೊಳ್ಳಿ. ಎರಡನೇ ಫೋರ್ಟ್ ಇವತ್ತೇ ಹಾಕಿ. ಅದು ತುಂಬಿದ ಮೇಲೆ ಸೇನಾ ಸಲಹೆಗಾರನ ಪುಟದಲ್ಲಿ ಸಾಮ್ರಾಜ್ಯದ ಸೇವೆಗೆ ಆ ಹೊಸ ಲೀಜನ್ ಒಂದನ್ನೇ ಗುರುತು ಮಾಡಿ, ಹಳೆಯದರ ಗುರುತು ತೆಗೆದುಬಿಡಿ. ಸಂದೇಶಕ್ಕೆ ಇನ್ನೂ ಎಷ್ಟು ತಿಂಗಳು ಗಡುವಿದೆ ನೋಡಿ ಹೇಳಿ.